ಫ್ರೇಮಿಗೆ ಅಡ್ಡ ಬಂದ ಕೋಲು

ಫೋಟೋದಲ್ಲಿ ಬೇಡದ ವಸ್ತು ಕಂಡರೆ ನನಗೆ ತಡೆಯಲಾಗುವುದಿಲ್ಲ. ಮಹಾಂತೇಶ ನಗರದ ನಮ್ಮ ಮನೆಯ ದಾಸವಾಳಕ್ಕೆ ಸೂರಕ್ಕಿ ಬಂದರೆ ಮೊದಲು ಹಿಂದಿನ ತಂತಿಯ ಮೇಲಿನ ಟವೆಲ್ ತೆಗೆಯುತ್ತೇನೆ, ಆಮೇಲೆ ಕ್ಯಾಮೆರಾ ಎತ್ತುತ್ತೇನೆ. ಅಷ್ಟರಲ್ಲಿ ಹಕ್ಕಿ ಹಾರಿ ಹೋಗಿರುತ್ತದೆ. ಪಕ್ಕದ ಮನೆಯವರ ಕೆಂಪು ಬಕೆಟ್ಟನ್ನು ಅವರನ್ನು ಕೇಳದೆ ಎಷ್ಟೋ ಸಲ ಸರಿಸಿದ್ದೇನೆ.

"ಹಕ್ಕಿಗಿಲ್ಲದ ಹೇಸಿಗಿ ನಿಮಗ್ಯಾಕ್ರೀ?" ಎಂದು ಹೆಂಡತಿ ನಗುತ್ತಾಳೆ.

ವಾರವಿಡೀ ಕಚೇರಿಯ ಫೈಲುಗಳ ನಡುವೆ ಕೂರುವವನಿಗೆ ಭಾನುವಾರದ ನಾಲ್ಕು ತಾಸಾದರೂ ಲೋಕ ಚೊಕ್ಕಟವಾಗಿ ಕಾಣಲಿ ಎಂಬುದು ನನ್ನ ಹಟ.

ಆ ಭಾನುವಾರ ಬೆಳಿಗ್ಗೆ ಬೈಕಿನಲ್ಲಿ ಖಾನಾಪುರ ದಾಟಿ ಪಾರಿಶ್ವಾಡದ ಕಡೆ ಹೋಗಿದ್ದೆ. ಮೇ ತಿಂಗಳ ಕೊನೆ. ಮುಂಗಾರಿಗೆ ಮೊದಲಿನ ಎರಡು ಅಡ್ಡಮಳೆ ಬಿದ್ದು ಹೊಲಗಳು ಹಸಿಯಾಗಿದ್ದವು. ರಸ್ತೆ ಪಕ್ಕದ ಒಂದು ಹೊಲದಿಂದ ಟಿಟ್ಟಿಭ ಎದ್ದು ಕೂಗಾಡತೊಡಗಿತು. ಈ ಹಕ್ಕಿಗೆ ಗೂಡು ಕಟ್ಟುವ ರಗಳೆ ಇಲ್ಲ. ಬಯಲು ನೆಲದಲ್ಲೇ ಮಣ್ಣಿನ ಬಣ್ಣದ ಮೊಟ್ಟೆ ಇಟ್ಟು, ಯಾರಾದರೂ ಹತ್ತಿರ ಬಂದರೆ ಊರಿಗೆಲ್ಲ ಕೇಳುವಂತೆ ಬೊಬ್ಬೆ ಹಾಕುತ್ತದೆ. ಬದುವಿನ ಮೇಲೆ ಹೊಲದ ಯಜಮಾನರು ನಿಂತಿದ್ದರು, ಅರವತ್ತರ ಆಸುಪಾಸಿನ ರೈತರು. ಫೋಟೋ ತೆಗೆಯಲೇ ಎಂದು ಕೇಳಿದೆ.

"ತಗೀರಿ, ಯಾಕಾಗವಲ್ದು. ಟಿಟವಿ ನಾಕ್ ತತ್ತಿ ಇಟ್ಟೈತಿ, ಜ್ವಾಕಿ. ಮಧ್ಯಾಹ್ನ ಟ್ರ್ಯಾಕ್ಟರ್ ಬರ್ತೈತಿ, ಮಳಿ ಬರೂದ್ರಾಗ ಕುಂಟಿ ಹೊಡದು ಹೊಲಾ ಹಸನ ಮಾಡಿ ಮುಗಸಬೇಕು" ಎಂದು ಹೇಳಿ ಅವರು ಊರ ಕಡೆ ನಡೆದರು.

ಮೊಟ್ಟೆಗಳ ಪಕ್ಕದಲ್ಲಿ ಒಂದು ಜಾಲಿ ಕೋಲು ನೆಟ್ಟಿತ್ತು. ಅದರ ತುದಿಗೆ ಗೊಬ್ಬರದ ಚೀಲದ ಬಿಳಿ ಚಿಂದಿ ಕಟ್ಟಿತ್ತು. ಯಾವ ಕಡೆಯಿಂದ ನೋಡಿದರೂ ಆ ದರಿದ್ರ ಚಿಂದಿ ಹಕ್ಕಿಯ ತಲೆಯ ಹಿಂದೆ ಬಂದು ಪಟಪಟ ಬಡಿಯುತ್ತಿತ್ತು. ಒಂದು ಫೋಟೋ ಹಾಗೇ ತೆಗೆದೆ. ಆಮೇಲೆ ಹೋಗಿ ಕೋಲು ಕಿತ್ತು ಬದುವಿನಾಚೆ ಒಗೆದೆ. ನಾನು ದೂರ ಬಂದು ಕೂತ ಮೇಲೆ ಹಕ್ಕಿ ಮರಳಿ ಮೊಟ್ಟೆಗಳ ಮೇಲೆ ಕೂತಿತು. ಬೆಳಕೂ ಚೆನ್ನಾಗಿತ್ತು, ಹಿಂದಿದ್ದ ಬೇವಿನ ಮರವೂ ಚೆನ್ನಾಗಿತ್ತು. ಅಂಥ ಫೋಟೋ ನಾನು ಅದುವರೆಗೆ ತೆಗೆದಿರಲಿಲ್ಲ. ಖುಷಿಯಲ್ಲಿ ಸಿಳ್ಳೆ ಹಾಕುತ್ತ ಮನೆಗೆ ಬಂದೆ.

ಊಟಕ್ಕೆ ಕೂತಾಗ ಹೆಂಡತಿಗೆ ಫೋಟೋಗಳನ್ನು ತೋರಿಸಿದೆ. ಅವಳು ಒಕ್ಕಲುತನದ ಮನೆಯ ಮಗಳು. ಮೊದಲ ಫೋಟೋ ನೋಡಿದಳು, ಎರಡನೆಯದು ನೋಡಿದಳು, ಮತ್ತೆ ಮೊದಲನೆಯದಕ್ಕೆ ಹೋದಳು.

"ಇಲ್ಲಿದ್ದ ಕೋಲ ಎಲ್ಲಿ ಹೋತ್ರಿ?"

"ಕಿತ್ತು ಒಗದೆ. ಅಡ್ಡ ಬರ್ತಿತ್ತು."

ಅವಳು ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟೆಗೆ ಇಟ್ಟಳು. "ಅದು ಗುರುತ್ರೀ! ನಮ್ಮಪ್ಪನೂ ಹಾಂಗ ಮಾಡ್ತಿದ್ದ. ಕೋಲ ಕಂಡಲ್ಲಿ ಕುಂಟಿ ಎತ್ತಿ ದಾಟಸ್ತಾರ. ತತ್ತಿ ಅದಾವು ಅಂತ ಟ್ರ್ಯಾಕ್ಟರ್ ಹೊಡಿಯಾವ್ಗ ಹೆಂಗ ಗೊತ್ತಾಗಬೇಕು?"

ಬೆಳಿಗ್ಗೆ ಆ ಯಜಮಾನರು ಹೇಳಿದ ಟ್ರ್ಯಾಕ್ಟರಿನ ಮಾತು ಈಗ ಅರ್ಥವಾಯಿತು. ಫೋನ್ ಮಾಡೋಣವೆಂದರೆ ಅವರ ನಂಬರಿಲ್ಲ. ಹೆಸರನ್ನೂ ಕೇಳಿರಲಿಲ್ಲ. ಹಕ್ಕಿಯ ನಲವತ್ತು ಫೋಟೋ ತೆಗೆದವನಿಗೆ ಹೊಲದವರ ಹೆಸರು ಕೇಳಲು ಪುರುಸೊತ್ತಿರಲಿಲ್ಲ. ಕೈ ತೊಳೆದು ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಬೈಕ್ ಹತ್ತಿದೆ.

ಗೋವಾವೇಸ್ ಸಿಗ್ನಲ್ಲಿನಲ್ಲಿ ಕೆಂಪು ದೀಪ ಆರಲೇ ಇಲ್ಲ. ಪೀರನವಾಡಿ ಹತ್ತಿರ ಮದುವೆಯ ಗಾಡಿಗಳು ರಸ್ತೆ ತುಂಬಿದ್ದವು. ಒಬ್ಬನ ಮೇಲೆ ಸುಮ್ಮನೆ ರೇಗಿದೆ, ಅವನೂ ಮರಾಠಿಯಲ್ಲಿ ನನಗೆ ಸರಿಯಾಗಿಯೇ ಬೈದ. ಖಾನಾಪುರ ದಾಟುವಾಗ ಪಶ್ಚಿಮದಲ್ಲಿ ಮೋಡ ಕಪ್ಪಗೆ ಕಟ್ಟುತ್ತಿತ್ತು. ಮಳೆ ಬಂದರೆ ಟ್ರ್ಯಾಕ್ಟರ್ ನಿಲ್ಲುತ್ತದೆ ಎಂದು ಒಮ್ಮೆ ಅನ್ನಿಸುತ್ತಿತ್ತು, ಮಳೆ ಬರುವ ಮೊದಲೇ ಮುಗಿಸಲು ಇನ್ನೂ ಜೋರಾಗಿ ಓಡಿಸುತ್ತಾರೆ ಎಂದು ಮರುಕ್ಷಣ ಅನ್ನಿಸುತ್ತಿತ್ತು.

ಹೊಲ ಮುಟ್ಟಿದಾಗ ಅರ್ಧಕ್ಕಿಂತ ಹೆಚ್ಚು ಕುಂಟೆ ಹೊಡೆದಾಗಿತ್ತು. ಟ್ರ್ಯಾಕ್ಟರ್ ನಿಂತಿತ್ತು. ಯಜಮಾನರು ಅದರ ಮುಂದೆ ನಿಂತು ನೆಲವನ್ನೇ ನೋಡುತ್ತಿದ್ದರು. ಟಿಟ್ಟಿಭ ಅವರ ತಲೆಯ ಮೇಲೆ ಸುತ್ತುತ್ತ ಅರಚುತ್ತಿತ್ತು. ನಾನು ಬದುವಿನಿಂದಲೇ ಕೂಗಿದೆ, "ಕೋಲು ನಾನೇ ಕಿತ್ತೆ!"

"ಯಾಕ್ರೀ?"

"ಫೋಟೋದಾಗ ಬರ್ತಿತ್ತು."

ಅವರು ನನ್ನನ್ನು ನೋಡಿದರು, ಕ್ಯಾಮೆರಾ ನೋಡಿದರು. ಚಾಲಕ ಇಂಜಿನ್ ಆರಿಸದೆ ಗೊಣಗಿದ, "ತತ್ತಿ ಎಲ್ಲಿ ಅದಾವು, ಲಗೂ ಹೇಳ್ರಿ ಕಾಕಾ, ಇನ್ನೊಂದು ಹೊಲಾ ಐತಿ, ಮಳಿ ಬಂದ ಬಿಡ್ತು ನೋಡ್ರಿ."

"ಎಲ್ಲಾರೂ ಬದುವಿಗೆ ಬರ್ರಿ. ನಾವು ದೂರ ಸರದ್ರ ಟಿಟವಿ ತಾನ ಬಂದು ಕುಂದರ್ತೈತಿ. ಅದು ಕುಂತಲ್ಲೇ ತತ್ತಿ" ಎಂದರು ಯಜಮಾನರು.

ಚಾಲಕ ಇಂಜಿನ್ ಆರಿಸಿದ. ಮೂವರೂ ಬದುವಿನ ಮೇಲೆ ಕೂತೆವು. ಹಕ್ಕಿ ಇಳಿಯಲಿಲ್ಲ. ಐದು ನಿಮಿಷ, ಹತ್ತು ನಿಮಿಷ. ದೂರದಲ್ಲಿ ಗುಡುಗಿತು. ಚಾಲಕ ಎದ್ದು ನಿಂತ. ನನಗೆ ಕೂರಲಾಗಲಿಲ್ಲ. ಕ್ಯಾಮೆರಾ ತೆಗೆದು ಬೆಳಗಿನ ಫೋಟೋ ನೋಡಿದೆ. ಹಕ್ಕಿಯ ನೇರ ಹಿಂದೆ ಬೇವಿನ ಮರ, ಎಡಕ್ಕೆ ಲೈಟಿನ ಕಂಬ. ಇಷ್ಟು ಸಾಕು, ಜಾಗ ನನಗೆ ಗೊತ್ತು ಎಂದುಕೊಂಡೆ.

"ನಾ ತೋರಸ್ತೀನಿ" ಎಂದು ಹೊಲಕ್ಕಿಳಿದೆ.

"ಬ್ಯಾಡ್ರೀ, ತಡೀರಿ!" ಎಂದು ಯಜಮಾನರು ಹಿಂದಿನಿಂದ ಕೂಗಿದರು. ನಾನು ತಡೆಯಲಿಲ್ಲ. ತಪ್ಪು ಮಾಡಿದವನಿಗೆ ಅದನ್ನು ತಾನೇ ಸರಿಮಾಡುವ ಆತುರ ಇರುತ್ತದಲ್ಲ, ಅದು ನನ್ನನ್ನು ಎಳೆದುಕೊಂಡು ಹೋಯಿತು.

ಮರ ಮತ್ತು ಕಂಬಕ್ಕೆ ಕಣ್ಣಳತೆ ಹಿಡಿದು ನಡೆದೆ. ನೆಲದಲ್ಲಿ ಹೆಂಟೆ ಬಿಟ್ಟರೆ ಏನೂ ಇರಲಿಲ್ಲ. ಆಗ ಹೊಳೆಯಿತು: ಉದ್ದ ಲೆನ್ಸು ದೂರದ್ದನ್ನೆಲ್ಲ ಹತ್ತಿರ ಎಳೆದು ತೋರಿಸುತ್ತದೆ. ಫೋಟೋದಲ್ಲಿ ಹಕ್ಕಿಯ ಬೆನ್ನಿಗೇ ಅಂಟಿದಂತಿದ್ದ ಬೇವು ಇನ್ನೂ ಎಷ್ಟೋ ದೂರದಲ್ಲಿತ್ತು. ಎಷ್ಟು ಹೆಜ್ಜೆ ಮುಂದೆ, ಎಷ್ಟು ಹಿಂದೆ, ಹೇಳುವ ದಾರಿಯೇ ಇರಲಿಲ್ಲ. ಹತ್ತು ವರ್ಷ ಈ ಲೆನ್ಸಿನ ಬಗ್ಗೆ ಕಂಡಕಂಡವರಿಗೆಲ್ಲ ಪಾಠ ಹೇಳಿದವನು ನಾನು. ಹಕ್ಕಿ ನನ್ನ ಕಿವಿಯ ಹತ್ತಿರವೇ ರೆಕ್ಕೆ ಬಡಿದು ಹೋಯಿತು. ಎರಡು ಹೆಜ್ಜೆ ಎಡಕ್ಕೆ ಇಟ್ಟೆ, ಒಂದು ಹಿಂದಕ್ಕೆ ಇಟ್ಟೆ. ಆಮೇಲೆ ಯಾವ ಕಡೆಗೂ ಕಾಲೆತ್ತಲು ಧೈರ್ಯವಾಗಲಿಲ್ಲ.

"ಬಂದ ಹೆಜ್ಜಿ ಮ್ಯಾಲೇ ಹೊಳ್ಳಿ ಬರ್ರಿ" ಎಂದರು ಯಜಮಾನರು. ಹಸಿ ಮಣ್ಣಿನಲ್ಲಿ ಮೂಡಿದ್ದ ನನ್ನದೇ ಹೆಜ್ಜೆಗಳ ಮೇಲೆ ಕಾಲಿಡುತ್ತ ಬದುವಿಗೆ ಮರಳಿದೆ.

ಸ್ವಲ್ಪ ಹೊತ್ತಿಗೆ ಟಿಟ್ಟಿಭ ಇಳಿಯಿತು. ನಾಲ್ಕು ಹೆಜ್ಜೆ ಓಡಿತು, ನಿಂತಿತು, ಮತ್ತೆ ಓಡಿತು. ನಾನು ಅಲೆದಾಡಿದ ಜಾಗದಲ್ಲೇ ಮೈ ಅಲ್ಲಾಡಿಸಿ ಕೂತಿತು. ನನ್ನ ಕಣ್ಣಲ್ಲಿ ನೀರು ಬಂತು. ಯಜಮಾನರು ಆ ಜಾಗದಿಂದ ಕಣ್ಣು ಕೀಳದೆ ಮೆಲ್ಲಗೆ ನಡೆದು ಹೋಗಿ, ಬಗ್ಗಿ ನೋಡಿ, ಚಾಲಕನಿಗೆ ಕೈ ಮಾಡಿದರು. ಟ್ರ್ಯಾಕ್ಟರ್ ಅವರ ಹತ್ತಿರ ಬಂದಾಗ ಕುಂಟೆ ಎತ್ತಿ ದಾಟಿತು, ಆಚೆ ಇಳಿಸಿ ಮುಂದೆ ಹೋಯಿತು.

ಅವರು ಬದುವಿಗೆ ಬಂದು ಕೂತರು. "ಮೂರ ಅದಾವು. ಒಂದು ಒಡದೈತಿ. ಕಾಗಿ ಕುಕ್ಕಿರಬೇಕು, ಇರ್ಲಿ ಬಿಡ್ರಿ."

ಮಳೆಯ ಮೊದಲ ಹನಿಗಳು ಬಿದ್ದವು. ನಾನು ಬಲಗಾಲಿನ ಬೂಟು ತಿರುಗಿಸಿ ನೋಡಿದೆ. ಅಂಚಿನಲ್ಲಿ ಮಣ್ಣಿನ ಜೊತೆ ಹಳದಿ ಅಂಟಿತ್ತು, ಅದರಲ್ಲಿ ಚಿಪ್ಪಿನ ಒಂದು ಚೂರು. ಪಕ್ಕದ ಹುಲ್ಲಿಗೆ ಒಮ್ಮೆ ಒರೆಸಿದ್ದರೆ ಆಗುತ್ತಿತ್ತು. ಕಾಗೆಯ ಹೆಸರಿನಲ್ಲಿ ಮುಗಿದು ಹೋಗುತ್ತಿತ್ತು. ಒರೆಸಬೇಕು ಎಂದು ಅನ್ನಿಸಿದ್ದೂ ಹೌದು.

"ಕಾಗಿ ಅಲ್ರೀ" ಎಂದು ಕಾಲು ಮುಂದೆ ಚಾಚಿದೆ.

ಅವರು ಬೂಟಿನ ಅಡಿಯನ್ನು ಬಗ್ಗಿ ನೋಡಿದರು. ಮಣ್ಣು ಮೆತ್ತಿದ ತಮ್ಮ ಬರಿಗಾಲುಗಳನ್ನೂ ಒಮ್ಮೆ ನೋಡಿಕೊಂಡರು.

"ಬರಿಗಾಲಿದ್ರ ಕಾಲಿಗೆ ಗೊತ್ತಾಗ್ತಿತ್ರೀ" ಎಂದರು.

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.