ಮುಚ್ಚಳದ ಮೇಲಿನ ಬೊಟ್ಟು

ಮದ್ರಾಸಿನಲ್ಲಿ ಲಾರಿಯಲ್ಲಿ ನೀರು ಬರುತ್ತಿದ್ದ ವರ್ಷ ಅದು. ಎರಡು ಸಾವಿರದ ಒಂದೋ ಮೂರೋ ಇರಬೇಕು. ಎರಡು ಅಂತ ಅಮ್ಮ ಹೇಳುತ್ತಾಳೆ, ಆದ್ದರಿಂದ ಎರಡಂತೂ ಅಲ್ಲ ಎಂದು ನಾನು ಬಹಳ ಕಾಲ ನಂಬಿದ್ದೆ.

ಮೈಸೂರಿನಲ್ಲಿ ಭೌತಶಾಸ್ತ್ರದ ಎಂಎಸ್ಸಿ ಮುಗಿಸಿ ಬಂದವನು ಆರು ವರ್ಷದಲ್ಲಿ ಮೂರು ಕೆಲಸ ಬಿಟ್ಟಿದ್ದೆ. ಆಮೇಲೆ ಮನೆಯಲ್ಲೇ ಕೂತು, ಮಾಳಿಗೆಯ ಟ್ಯಾಂಕು ತುಂಬಿದ ಕೂಡಲೇ ಕೂಗುವ ಅಲಾರಂ ಮಾಡತೊಡಗಿದೆ. ಪಲ್ಲಾವರಂನ ಒಂದು ಅಪಾರ್ಟ್‌ಮೆಂಟಿನವರು ನಲವತ್ತು ಬೇಕು, ದೀಪಾವಳಿಗೆ ಮೊದಲು ಬೇಕು ಎಂದರು. ನನ್ನ ಮೊದಲ ಆರ್ಡರು. ಅದು ಕೈತಪ್ಪಿದರೆ ನಾಲ್ಕನೆಯ ಕೆಲಸ ಹುಡುಕಿಕೊಂಡು ಹೋಗಬೇಕಿತ್ತು.

ಒಳಗಿನ ಸರ್ಕೀಟು ಸಿದ್ಧವಿತ್ತು. ಅದನ್ನು ಹಾಕಲು ಡಬ್ಬಿ ಇರಲಿಲ್ಲ. ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಡಬ್ಬಿಯೊಳಗೆ ನನ್ನ ಟ್ರಾನ್ಸ್‌ಫಾರ್ಮರು ಹಿಡಿಸುತ್ತಿರಲಿಲ್ಲ. ತಗಡಿನ ಡಬ್ಬಿ ಕಡಲ ಗಾಳಿಗೆ ಆರು ತಿಂಗಳಲ್ಲಿ ತುಕ್ಕು ಹಿಡಿಯುತ್ತಿತ್ತು, ಅದಕ್ಕೆ ಮೊದಲೇ ಶಾಕ್ ಹೊಡೆಯುತ್ತಿತ್ತು. ಪ್ಲಾಸ್ಟಿಕ್ ಮೋಲ್ಡಿಂಗ್ ಮಾಡುವವರ ಹತ್ತಿರ ಹೋದೆ. ಮೊದಲು ಉಕ್ಕಿನ ಡೈ, ಅಂದರೆ ಅಚ್ಚು, ಕೆತ್ತಿಸಬೇಕು ಎಂದರು. ಡೈಗೆ ಅವರು ಹೇಳಿದ ಬೆಲೆಯಲ್ಲಿ ಆ ಅಪಾರ್ಟ್‌ಮೆಂಟಿಗೆ ಹೊಸ ಟ್ಯಾಂಕನ್ನೇ ಕಟ್ಟಿಸಿ ಅಲಾರಂ ಬೇಡವಾಗಿಸಬಹುದಿತ್ತು. ಎಷ್ಟು ಪೀಸು ಎಂದು ಕೇಳಿದರು. ನಲವತ್ತು ಎಂದೆ. ನಲವತ್ತು ಸಾವಿರವೇ ಎಂದು ಕೇಳಿದರು. ನಾನು ಎದ್ದು ಬಂದೆ.

ತಿರುವೊಟ್ಟಿಯೂರಿನ ಫೈಬರ್ ಮೇಸ್ತ್ರಿಯ ವಿಳಾಸ ಕೊಟ್ಟವರು ಯಾರು ಎಂಬುದು ಮರೆತಿದೆ. ಮೇಸ್ತ್ರಿಯ ಅಜ್ಜ ಕೋಲಾರದ ಕಡೆಯಿಂದ ರೈಲ್ವೆ ಕೆಲಸಕ್ಕೆ ಬಂದವರಂತೆ. ಮೊಮ್ಮಗನ ಕನ್ನಡದಲ್ಲಿ ಅರ್ಧ ತಮಿಳು ಸೇರಿಕೊಂಡಿತ್ತು. ಕಾಸಿಮೇಡಿನ ಮೀನುಗಾರರ ಫೈಬರ್ ದೋಣಿಗಳಿಗೆ ತೇಪೆ ಹಾಕುವುದು ಅವರ ಕೆಲಸ.

"ದೋಣಿ ಮಾಡ್ತೀನಿ, ಡಬ್ಬಿ ಮಾಡಕ್ಕೆ ಆಗಲ್ವಾ ಸಾರ್?" ಎಂದರು. "ದೋಣಿ ಒಳಗೆ ನೀರು ಬರಬಾರದು, ಡಬ್ಬಿ ಒಳಗೂ ನೀರು ಬರಬಾರದು. ಎಲ್ಲಾ ಒಂದೇ."

ಅವರ ವಿಧಾನ ಸರಳವಾಗಿತ್ತು. ಮೊದಲು ಮರದಲ್ಲಿ ಡಬ್ಬಿಯ ಮತ್ತು ಮುಚ್ಚಳದ ಮಾದರಿ ಮಾಡಿಸಬೇಕು. ಅದಕ್ಕೆ ಅಂಟದಂತೆ ಮೇಣ ಹಚ್ಚಿ, ಮೇಲೆ ರೆಸಿನ್ ಎಂಬ ಅಂಟು ಬಳಿದು ಗಾಜಿನ ನಾರಿನ ಹಾಸು ಒತ್ತಿದರೆ ಅಚ್ಚು. ಅಚ್ಚಿನೊಳಗೆ ಮತ್ತೆ ಅದನ್ನೇ ಬಳಿದರೆ ಡಬ್ಬಿ. ದಿನಕ್ಕೆ ಮೂರು ಡಬ್ಬಿ ಬರುತ್ತದೆ. ನಲವತ್ತಕ್ಕೆ ಹದಿನಾಲ್ಕು ದಿನ. ಡೈ ಇಲ್ಲ, ಯಂತ್ರವಿಲ್ಲ. ತೇಗದ ಮಾದರಿಯನ್ನು ನಾನೇ ಬಡಗಿಯ ಕೈಯಲ್ಲಿ ಮಾಡಿಸಿ ತಂದೆ. ಮೇಸ್ತ್ರಿ ಮೇಣ ಹಚ್ಚಿ, ಕನ್ನಡಿಯಂತೆ ಉಜ್ಜಿ ಇಟ್ಟರು. ಮರುದಿನ ಆಯುಧಪೂಜೆ. ಅಂದು ಕೆಲಸವಿಲ್ಲ, ಪೂಜೆಗೆ ಬನ್ನಿ ಎಂದರು.

ನಾನು ಪೂಜೆಗೆ ಹೋಗುವವನಲ್ಲ. ಅಮ್ಮನಿಗೆ ತಿರುವೊಟ್ಟಿಯೂರಿನ ದೇವಸ್ಥಾನ ನೋಡಬೇಕಿತ್ತು, ಅದಕ್ಕೆ ಹೋದೆವು. ವರ್ಕ್‌ಶಾಪಿನಲ್ಲಿ ಡ್ರಿಲ್ಲು, ಗರಗಸ, ಕತ್ತರಿ, ಸೈಕಲ್ಲು, ರೆಸಿನ್ ಪೀಪಾಯಿ ಎಲ್ಲಕ್ಕೂ ಗಂಧ ಕುಂಕುಮ ಇಟ್ಟಿದ್ದರು. ನನ್ನ ಮಾದರಿಗಳೂ ಸಾಲಿನಲ್ಲಿದ್ದವು. ನನಗೆ ಚೆನ್ನಾಗಿ ನೆನಪಿದೆ: ನಾನು ಬಾಗಿಲ ಹತ್ತಿರ, ಎರಡು ಕೈಯಲ್ಲೂ ಪುರಿ ಕಡಲೆಯ ಪೊಟ್ಟಣ ಹಿಡಿದು ನಿಂತಿದ್ದೆ.

ಮೂರು ದಿನದ ಮೇಲೆ ಮೊದಲ ಡಬ್ಬಿಯನ್ನು ಮನೆಗೆ ತಂದು ಗೋಡೆಗೆ ಹಾಕಿ ಪರೀಕ್ಷಿಸಿದೆ. ಮುಚ್ಚಳದ ನಟ್ಟನಡುವೆ ಕಡಲೆಬೇಳೆಯಷ್ಟು ಒಂದು ಉಬ್ಬು ಇತ್ತು. ಒಂದೇ ಮಾದರಿಯಿಂದ ತೀರ್ಮಾನಕ್ಕೆ ಬರಬಾರದು ಎಂದು ನಮಗೆ ವಿಶ್ವವಿದ್ಯಾಲಯದಲ್ಲಿ ಕಲಿಸಿದ್ದರು. ನಾನು ಬರಲಿಲ್ಲ. ಇನ್ನು ನಲವತ್ತು ಆಗಲಿ ಎಂದು ಸುಮ್ಮನಾದೆ.

ನಲವತ್ತೂ ಆದವು. ಎರಡನ್ನು ಅಪಾರ್ಟ್‌ಮೆಂಟಿನ ಕಾರ್ಯದರ್ಶಿಗೆ ತೋರಿಸಿದೆ. ಅವರು ಇನ್ಶೂರೆನ್ಸಿನಲ್ಲಿ ನಿವೃತ್ತರಾದ ಧಾರವಾಡದ ಕಡೆಯವರು. ಕನ್ನಡಕ ಹಾಕಿ ನೋಡಿದರು, ತೆಗೆದು ನೋಡಿದರು.

"ಇದೇನ್ರೀ, ಬಟನ್ನಾ?"

"ಅಲ್ಲ ಸಾರ್."

"ಮತ್ತ್ಯಾಕದ?"

"ಸುಮ್ಮನೆ ಇದೆ."

"ಸುಮ್ಮನ ಇದ್ರ ಮಂದಿ ಒತ್ತತಾರ. ಒತ್ತಿ, ಏನೂ ಆಗಲಿಲ್ಲ ಅಂತ ನನ್ನ ಕಡೆ ಬರತಾರ. ನಲವತ್ತು ಮಂದಿ. ತೆಗಸ್ರಿ. ತೆಗೀಲಿಕ್ಕೆ ಆಗೂದಿಲ್ಲಂದ್ರ ಬ್ಯಾಡ."

ದೀಪಾವಳಿಗೆ ಮೂರು ದಿನ ಉಳಿದಿತ್ತು. ನೇರ ತಿರುವೊಟ್ಟಿಯೂರಿಗೆ ಹೋಗಿ ಮರದ ಮಾದರಿಯನ್ನು ಕೇಳಿದೆ. ಅಚ್ಚಿನಿಂದ ಬಿಡಿಸಿದ ಮೇಲೂ ಮುಚ್ಚಳದ ನಡುವೆ ಒಣಗಿದ ಗಂಧದ ಚೂರು ಅಂಟಿಕೊಂಡಿತ್ತು. ಕುಂಕುಮ ಉದುರಿಹೋಗಿತ್ತು. ತೇಗದ ಬಣ್ಣಕ್ಕೂ ಗಂಧದ ಬಣ್ಣಕ್ಕೂ ವ್ಯತ್ಯಾಸವೇ ಕಾಣುತ್ತಿರಲಿಲ್ಲ.

"ಮೇಸ್ತ್ರಿ, ಇದು ನೀವು ಪೂಜೆಯ ದಿನ ಇಟ್ಟ ಬೊಟ್ಟು."

ಅವರು ಮಾದರಿಯನ್ನು ನೋಡಿದರು, ನನ್ನನ್ನು ನೋಡಿದರು. "ಇದ್ದದ್ದು ಬಂದಿದೆ ಸಾರ್. ಪ್ಯಾಟರ್ನಲ್ಲಿ ಇರೋದು ಅಚ್ಚಲ್ಲಿ ಬರುತ್ತೆ."

"ಅದು ಸರಿ, ಇಟ್ಟದ್ದು ಯಾರು?"

ಅವರು ಉಜ್ಜುವ ಉಪ್ಪುಕಾಗದ ಹುಡುಕಿ ತೆಗೆದರು. "ಸೆರಿ ಸಾರ್. ನಾನೇ ಇಟ್ಟಿರ್ತೀನಿ. ಅವತ್ತು ಎಷ್ಟೋ ಸಾಮಾನಿಗೆ ಇಟ್ಟೆ."

ಮೇಸ್ತ್ರಿಯೂ ಅವರ ಹೆಂಡತಿಯೂ ಎರಡು ದಿನ ಕೂತು ನಲವತ್ತು ಮುಚ್ಚಳಗಳ ಉಬ್ಬನ್ನು ಉಪ್ಪುಕಾಗದದಲ್ಲಿ ಉಜ್ಜಿ ತೆಗೆದು, ಮೇಲೆ ಬಣ್ಣ ಬಳಿದರು. ಫೈಬರಿನ ಧೂಳು ಚರ್ಮಕ್ಕೆ ಕೂತರೆ ಭಯಂಕರ ತುರಿಕೆ. ಆಕೆಯ ಕೈಗಳು ಮೊಣಕೈವರೆಗೆ ಕೆಂಪಾಗಿದ್ದವು. ನಾನು ಪಕ್ಕದ ಸ್ಟೂಲಿನಲ್ಲಿ ಕೂತು ಆದವನ್ನು ಎಣಿಸುತ್ತಿದ್ದೆ. ದೀಪಾವಳಿಯ ಹಿಂದಿನ ದಿನ ಎಲ್ಲವನ್ನೂ ಕೊಟ್ಟೆ. ಕಾರ್ಯದರ್ಶಿ ಪ್ರತಿ ಮುಚ್ಚಳದ ಮೇಲೂ ಕೈಯಾಡಿಸಿ ಒಪ್ಪಿಕೊಂಡರು.

ಮನೆಯಲ್ಲಿ ಇದನ್ನೆಲ್ಲ ಹೇಳಿದಾಗ ಅಮ್ಮ ಹುರುಳಿಕಾಯಿ ಬಿಡಿಸುತ್ತಿದ್ದಳು.

"ಮೇಸ್ತ್ರಿ ಎಲ್ಲಿ ಇಟ್ರು? ನೀನೇ ಅಲ್ವೇನೋ ಇಟ್ಟಿದ್ದು. ಅವ್ರು ಬಟ್ಲು ಹಿಡಿದ್ರು, 'ನಿಮ್ಮ ಡಬ್ಬಿ ಸಾರ್, ನೀವೇ ಇಡಿ' ಅಂದ್ರು. ನೀನು ಇಟ್ಟೆ. ನಂಗೆ ಆಶ್ಚರ್ಯ ಆಗಿ ನೋಡ್ತಾ ನಿಂತಿದ್ದೆ."

ಎಂಎಸ್ಸಿಯ ನಂತರ ನಾನು ಯಾವ ವಸ್ತುವಿಗೂ ಗಂಧ ಇಟ್ಟವನಲ್ಲ. ಅಮ್ಮನಾದರೋ ನಾನು ಹೋಗದ ಮದುವೆಗಳಲ್ಲಿ ನಾನು ಉಂಡದ್ದನ್ನು ಕಂಡವಳು. ಆ ಸಾಕ್ಷ್ಯವನ್ನು ತಳ್ಳಿಹಾಕಿದೆ.

ಗೋಡೆಯ ಮೇಲಿನ ಮೊದಲ ಡಬ್ಬಿಯನ್ನು ಉಜ್ಜಿಸುವುದು ಉಳಿದೇಹೋಯಿತು. ಅಮ್ಮ ಬೆಳಗ್ಗೆ ಮೋಟಾರು ಹಾಕುವ ಮುನ್ನ ಉಬ್ಬನ್ನು ಒಮ್ಮೆ ಒತ್ತುತ್ತಿದ್ದಳು. ಅದಕ್ಕೆ ಯಾವ ತಂತಿಯೂ ಇಲ್ಲ ಎಂದು ಮುಚ್ಚಳ ಬಿಚ್ಚಿ ತೋರಿಸಿದೆ. "ಇಲ್ದೇ ಇದ್ರೆ ಬಿಡು, ಒತ್ತಿದ್ರೆ ನಿಂಗೇನು ನಷ್ಟ?" ಎಂದಳು.

ನಾಲ್ಕೈದು ವರ್ಷದ ಮೇಲೆ ಒಂದು ಮಧ್ಯಾಹ್ನ ಕರೆಂಟು ಹೋಗಿತ್ತು. ಅಲಾರಂನ ರಿಲೇ ಬದಲಿಸಲು ಟಾರ್ಚು ಹಿಡಿದೆ. ಬೆಳಕು ಓರೆಯಾಗಿ ಬಿದ್ದಾಗ ಉಬ್ಬಿನ ಮೇಲೆ ಗೆರೆಗಳು ಕಂಡವು. ಭೂತಗನ್ನಡಿ ತಂದೆ. ಬೆರಳಚ್ಚು. ಅದರ ನಡುವೆ ಓರೆಯಾಗಿ ಎದ್ದುನಿಂತ ಒಂದು ತೆಳು ಗೀರು. ನನ್ನ ಬಲಗೈ ಉಂಗುರಬೆರಳಿನ ತುದಿಯಲ್ಲಿ, ಎಂಎಸ್ಸಿ ಲ್ಯಾಬಿನಲ್ಲಿ ಬೀಕರು ಒಡೆದು ಆದ ಗಾಯದ ಗುಳಿ ಓರೆಯಾಗಿ ಇದೆ.

ಗಾಜಿನ ನಾರಿನಲ್ಲಿ ದಿನವೂ ಕೈಯಾಡಿಸುವ ಮೇಸ್ತ್ರಿಯ ಬೆರಳಲ್ಲೂ ಅಂಥ ಗಾಯ ಇರಬಹುದು ಎಂದು ಅಂದುಕೊಂಡೆ. ಒಂದು ವಾರ ಹಾಗೆಯೇ ಅಂದುಕೊಂಡೆ. ಆಮೇಲೆ ಮುಚ್ಚಳವನ್ನು ಬಿಚ್ಚಿ ಚೀಲಕ್ಕೆ ಹಾಕಿಕೊಂಡು ತಿರುವೊಟ್ಟಿಯೂರಿನ ಬಸ್ಸು ಹತ್ತಿದೆ.

ಮೇಸ್ತ್ರಿ ಒಂದು ದೋಣಿಯ ಹೊಟ್ಟೆಯ ಕೆಳಗಿದ್ದರು. ಹೊರಗೆ ಬಂದು ಕೈ ಒರೆಸಿಕೊಂಡರು. ಅವರ ಉಂಗುರಬೆರಳು ನೋಡಬೇಕು ಎಂದೆ. ಏಕೆಂದು ಕೇಳದೆ ಚಾಚಿದರು. ತುದಿಯಲ್ಲಿ ಗಾಯವಿರಲಿಲ್ಲ. ನಾನು ಮುಚ್ಚಳವನ್ನೂ ನನ್ನ ಬೆರಳನ್ನೂ ತೋರಿಸಿದೆ.

"ಅದೇ ಸಾರ್," ಎಂದರು.

"ನಿಮಗೆ ಗೊತ್ತಿತ್ತಾ?"

"ಬಟ್ಲು ಹಿಡಿದದ್ದು ನಾನಲ್ವಾ."

"ಮತ್ತೆ ಅವತ್ತು ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀವು ಇಲ್ಲ ಅಂತೀರಿ. ನಾನು ಆಮಾ ಅಂತೀನಿ. ಅಪ್ಪುರಂ, ಆಮೇಲೆ, ನೀವು ಒಂದು ಪೇಪರ್ ತಗೊಂಡು ಲೆಕ್ಕ ಬರೆಯಕ್ಕೆ ಶುರು ಮಾಡ್ತೀರಿ. ದೀಪಾವಳಿಗೆ ಮೂರು ದಿನ ಇತ್ತು. ನಲವತ್ತು ಮುಚ್ಚಳ ಉಜ್ಜೋದು ಅದಕ್ಕಿಂತ ಬೇಗ ಆಗುತ್ತೆ ಸಾರ್."

ಅವರ ಹೆಂಡತಿ ಒಳಗಿಂದ ಕಾಫಿ ತಂದರು. ನಾನು ಆಕೆಯ ಕೈಗಳನ್ನು ನೋಡಿದೆ. ಕೆಂಪು ಯಾವತ್ತೋ ಹೋಗಿತ್ತು. ತಪ್ಪು ನನ್ನದಾಗಿತ್ತು ಎಂದು ಇಬ್ಬರಿಗೂ ಹೇಳಿದೆ. ಆಕೆ "ಪರವಾಯಿಲ್ಲ" ಎಂದು ಲೋಟ ಕೈಗಿತ್ತರು. ಮೇಸ್ತ್ರಿ ಉಪ್ಪುಕಾಗದ ಎತ್ತಿಕೊಂಡು, "ಇದೊಂದು ಬಾಕಿ ಇದೆಯಲ್ಲ, ಉಜ್ಜಿಬಿಡಲಾ?" ಎಂದು ಕೇಳಿದರು.

ಬೇಡ, ಅದು ಅಮ್ಮನಿಗೆ ಬೇಕು ಎಂದೆ.

ಮನೆಗೆ ಬಂದು ಮುಚ್ಚಳವನ್ನು ಮತ್ತೆ ಹಾಕಿದೆ. ಎಲ್ಲಿಗೆ ಒಯ್ದಿದ್ದೆ ಎಂದು ಅಮ್ಮನಿಗೆ ಹೇಳಿ, ನೀನು ಹೇಳಿದ್ದೇ ಸರಿ ಎಂದೂ ಸೇರಿಸಿದೆ. ಅವಳು ಯಾವುದು ಎಂದು ಕೇಳಿದಳು. ಅವಳಿಗೆ ಪೂಜೆಯ ದಿನದ ಆ ಮಾತು ಪೂರ್ತಿ ಮರೆತುಹೋಗಿತ್ತು. ನನ್ನ ನೆನಪಿನಲ್ಲಿ ನಾನು ಈಗಲೂ ಬಾಗಿಲ ಹತ್ತಿರವೇ ನಿಂತಿದ್ದೇನೆ, ಎರಡು ಕೈಯಲ್ಲೂ ಪೊಟ್ಟಣ ಹಿಡಿದುಕೊಂಡು.