ಆರನೇ ಮನೆ ಅಜ್ಜಿಯ ಐನೂರು ಜಿಬಿ

“ಐನೂರು ಜಿಬಿ ಅಕ್ಕಾ! ಹನ್ನೊಂದೇ ದಿನಕ್ಕೆ! ಆರನೇ ಮನೆ ಅಜ್ಜಿ, ಒಬ್ಬರೇ!”

ಬೆಳಗಿನ ಐದೂ ಮುಕ್ಕಾಲು. ಬೀದಿದೀಪಗಳು ಇನ್ನೂ ಆರಿಲ್ಲ. ಹದಿನಾಲ್ಕು ಅಡಿ ಏಣಿಯ ತುದಿಯಲ್ಲಿ, ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ನಿಂತಿರುವ ಹೆಂಗಸಿಗೆ ನಗು ತಡೆಯಲಾಗುತ್ತಿಲ್ಲ. ಕೈಯಲ್ಲಿ ಇಕ್ಕಳ, ಹಲ್ಲಿನ ನಡುವೆ ವೈರು ಕಟ್ಟುವ ಎರಡು ಪ್ಲಾಸ್ಟಿಕ್ ಪಟ್ಟಿ. ನಕ್ಕರೆ ಪಟ್ಟಿ ಬೀಳುತ್ತದೆ, ನಗದಿದ್ದರೆ ಹೊಟ್ಟೆ ಒಡೆಯುತ್ತದೆ!

“ಅಜ್ಜಿ ಏನು, ಇಡೀ ಬೀದಿಗೆ ಸಿನಿಮಾ ತೋರಿಸ್ತಿದ್ದಾರಾ?” ಎಂದು ಹಲ್ಲು ಕಚ್ಚಿಕೊಂಡೇ ಕೇಳುತ್ತಾರೆ.

“ನಗಬೇಡ ಕಣೇ ಅಕ್ಕ. ಅಜ್ಜಿ ನಮ್ಮ ಕಂಪನಿ ಬಿಡ್ತಾರಂತೆ. ನಾಳೆನೇ ಬೇರೆ ಕಂಪನಿಯವನು ಬರ್ತಾನಂತೆ. ಒಂಬತ್ತನೇ ಮನೆಯವರೂ ಕುಣೀತಿದ್ದಾರೆ. ಅವರ ಹಿಂದೆ ಆ ಬಿಲ್ಡಿಂಗಿನ ಇಪ್ಪತ್ನಾಲ್ಕು ಮನೆನೂ ಹೊರಡುತ್ತೆ ನೋಡ್ತಿರು!”

ನಗು ಅಲ್ಲಿಗೆ ನಿಲ್ಲುತ್ತದೆ. ಪಟ್ಟಿ ಎರಡೂ ಕೆಳಗೆ ಬೀಳುತ್ತವೆ.

ಏಣಿಯ ಮೇಲಿರುವವರು ವೈರಕ್ಕ. ವಯಸ್ಸು ನಲವತ್ತೊಂದು. ಫೋನಿನಲ್ಲಿರುವವಳು ಅವರ ಸ್ವಂತ ತಂಗಿ, ಅದೇ ಕಂಪನಿಯ ಆಫೀಸಿನಲ್ಲಿ ಕುಳಿತು ದೂರು ಬರೆದುಕೊಳ್ಳುವವಳು. ಮನೆಮನೆಗೆ ಇಂಟರ್ನೆಟ್ ವೈರು ಎಳೆಯುವ ಈ ಅಕ್ಕನ ನಿಜವಾದ ಹೆಸರು ಬೀದಿಯಲ್ಲಿ ಯಾರಿಗೂ ಗೊತ್ತಿಲ್ಲ. ಅಷ್ಟೇಕೆ, ಮಗಳು ಒಂದನೇ ಕ್ಲಾಸಿನಲ್ಲಿದ್ದಾಗ ತಾಯಿಯ ಹೆಸರು ಬರೆಯಿರಿ ಅಂದಿದ್ದಕ್ಕೆ ‘ವೈರಕ್ಕ’ ಎಂದೇ ಬರೆದು ಟೀಚರ್ ಕೈಲಿ ಬೈಸಿಕೊಂಡಿದ್ದಾಳೆ!

ಹನ್ನೊಂದು ಕಟ್ಟಡ, ಇನ್ನೂರ ಹನ್ನೆರಡು ಮನೆ, ದಿನಕ್ಕೆ ಹದಿನೇಳು ದೂರು. ಲಿಫ್ಟ್ ಇರುವುದು ಎರಡೇ ಕಟ್ಟಡದಲ್ಲಿ. ಉಳಿದದ್ದಕ್ಕೆಲ್ಲ ಮೊಣಕಾಲೇ ಗತಿ. ಬೆಳಗಿನ ಜಾವಕ್ಕೇ ಬರುವುದು ಯಾಕೆ? “ಆಗ ಎಲ್ರೂ ಮಲಗಿರ್ತಾರೆ. ವೈರ್ ಕಿತ್ತರೂ ಯಾರೂ ಬೈಯಲ್ಲ. ಎಂಟು ಗಂಟೆ ಮೇಲೆ ಮುಟ್ಟಿ ನೋಡಿ, ಇಡೀ ಬಿಲ್ಡಿಂಗು ಬಾಲ್ಕನಿಗೆ ಬರುತ್ತೆ!”

ಇದಕ್ಕೂ ಮುಂಚೆ ಹನ್ನೆರಡು ವರ್ಷ ಅವರು ಮೋಟಾರು ರಿಪೇರಿ ಅಂಗಡಿಯ ಹಿಂದಿನ ಕೋಣೆಯಲ್ಲಿ ತಾಮ್ರದ ತಂತಿ ಸುತ್ತುತ್ತಿದ್ದರು. ಕಿಟಕಿಯಿಲ್ಲದ ಕೋಣೆ. ಅಂಗಡಿ ಮುಚ್ಚಿದಾಗ ಈ ಕಂಪನಿಯ ಹಳೇ ಲೈನ್‌ಮನ್ ಒಬ್ಬರು ಏಣಿಯ ಬುಡ ಹಿಡಿದುಕೊಳ್ಳಲು ಕರೆದರು. ಎಲ್ಲರೂ ಅವರನ್ನು ದೊಡ್ಡಪ್ಪ ಅನ್ನುತ್ತಿದ್ದರು. ಒಂದು ದಿನ ದೊಡ್ಡಪ್ಪನ ಮಂಡಿ ಹಿಡಿದುಕೊಂಡಿತು, ಈ ಅಕ್ಕ ಹತ್ತಿದರು. “ಮೇಲೆ ಹೋದ್ರೆ ಏನು ಗಾಳಿ, ಏನು ಬೆಳಕು! ಇಳಿಯೋ ಮನಸ್ಸೇ ಬರ್ಲಿಲ್ಲ.” ಮೊದಮೊದಲು ಬಾಗಿಲು ತೆರೆದವರೆಲ್ಲ, “ಹತ್ತೋಕೆ ಯಾರಾದ್ರೂ ಗಂಡಸರು ಬರ್ತಾರಾ?” ಅನ್ನುತ್ತಿದ್ದರಂತೆ. “ಬರ್ತಾರೆ, ಏಣಿ ಹಿಡ್ಕೊಳ್ಳೋಕೆ” ಎಂದು ಹೇಳಿ ಹತ್ತಿಬಿಡುತ್ತಿದ್ದರು.

ದೊಡ್ಡಪ್ಪ ಕಲಿಸಿದ ಪಾಠ ಒಂದೇ. ಪ್ರತಿ ವೈರಿನ ತುದಿಗೂ ಚೀಟಿ ಅಂಟಿಸಬೇಕು, ಅದರ ಮೇಲೆ ಮನೆ ನಂಬರು ಬರೆಯಬೇಕು. ದೊಡ್ಡಪ್ಪನಿಗೆ ಬರುತ್ತಿದ್ದದ್ದು ಕನ್ನಡದ ಅಂಕಿ ಮಾತ್ರ. ಶಿಷ್ಯೆಯ ಕೈಗೂ ಅದೇ ಹತ್ತಿತು.

ಕೆಲಸ ಸಲೀಸಾಗಿಯೇ ಇತ್ತು, ನಾಲ್ಕು ತಿಂಗಳ ಹಿಂದೆ ಕಂಪನಿಯವರು ಮಿತಿ ಅನ್ನುವುದೊಂದನ್ನು ತರುವವರೆಗೆ. ಮನೆಗೆ ತಿಂಗಳಿಗೆ ಐನೂರು ಜಿಬಿ. ಅಷ್ಟು ಮುಗಿದರೆ ನೆಟ್ಟು ನಿಲ್ಲುವುದಿಲ್ಲ, ಅಂಬೆಗಾಲಿಡುತ್ತದೆ. ಅಂದಿನಿಂದ ಬೈಗುಳದ ಸುರಿಮಳೆ. “ಮಿತಿ ಹಾಕ್ದೋರು ಎಲ್ಲೋ ಕೂತಿರ್ತಾರೆ. ಬೈಸ್ಕೊಳ್ಳೋಕೆ ಬಾಗಿಲಿಗೆ ಹೋಗೋಳು ನಾನು” ಅನ್ನುತ್ತಾರೆ ವೈರಕ್ಕ. ಅಜ್ಜಿಯಿರುವ ಇಪ್ಪತ್ನಾಲ್ಕು ಮನೆಯ ಕಟ್ಟಡವೇ ಅವರ ಪಾಲಿನ ಅತಿ ದೊಡ್ಡದು. ಇದು ಕೈಬಿಟ್ಟರೆ ಇಡೀ ಬೀದಿಯ ಲೈನು ಮುಚ್ಚುತ್ತೇವೆ ಎಂದು ಆಫೀಸಿನವರು ಮೊದಲೇ ಹೇಳಿದ್ದಾರೆ. ಲೈನು ಮುಚ್ಚಿದರೆ ಏಣಿಗೆ ಕೆಲಸವಿಲ್ಲ, ಏಣಿ ಹತ್ತುವವರಿಗೂ ಇಲ್ಲ.

ಏಳೂವರೆಗೆ ವೈರಕ್ಕ ಆರನೇ ಮನೆಯ ಬಾಗಿಲು ತಟ್ಟುತ್ತಾರೆ. ಅಜ್ಜಿಗೆ ಎಪ್ಪತ್ತಮೂರು. ಮಧ್ಯಾಹ್ನ ವಿಡಿಯೋದಲ್ಲಿ ಹದಿನಾರು ಹೆಂಗಸರಿಗೆ ಸ್ವೆಟರ್ ಹೆಣೆಯಲು ಕಲಿಸುತ್ತಾರೆ. ಒಳಗೆ ಕಾಲಿಟ್ಟ ಕೂಡಲೇ ಕಂಡದ್ದು ಇಂಟರ್ನೆಟ್ ಬಾಕ್ಸು. ಅದಕ್ಕೆ ಉಣ್ಣೆಯ ಕುಲಾವಿ! ಕುಲಾವಿಯ ಒಳಗೆ ದೀಪವೇ ಇಲ್ಲ.

“ಅಜ್ಜಿ, ಬಾಕ್ಸ್ ಯಾಕೆ ಆಫ್ ಮಾಡಿದ್ದೀರಿ?”

“ನಿಮ್ಮವರೇ ಮೆಸೇಜ್ ಕಳಿಸಿದ್ರಲ್ಲಮ್ಮ, ನಿಮ್ಮ ಪಾಲು ಮುಗೀತು ಅಂತ. ಮುಗಿದ ಮೇಲೆ ಇನ್ನೊಬ್ಬರದ್ದು ಯಾಕೆ ಬಳಸಲಿ? ಆಫ್ ಮಾಡಿ, ಧೂಳು ಕೂರದಿರಲಿ ಅಂತ ಟೋಪಿ ಹಾಕ್ದೆ.”

“ಪ್ರತಿ ತಿಂಗಳೂ ಹೀಗೇನಾ?”

“ಮೊದ್ಲು ಇರ್ಲಿಲ್ಲ. ನಾಲ್ಕು ತಿಂಗಳಿಂದ ಹನ್ನೊಂದನೇ ತಾರೀಕಿಗೆ ಸರಿಯಾಗಿ ಬರುತ್ತೆ. ತೋಳು ಹೆಣೆಯೋದು ಶುರು ಮಾಡೋ ಹೊತ್ತಿಗೆ ಕ್ಲಾಸ್ ಬಂದ್. ಏಳು ಜನ ಬಿಟ್ಟೇ ಹೋದ್ರು. ತೋಳಿಲ್ಲದ ಸ್ವೆಟರ್ ಎಷ್ಟು ಅಂತ ಹಾಕ್ಕೋತಾರೆ ಪಾಪ?”

ವೈರಕ್ಕ ಕುಲಾವಿ ತೆಗೆದು ಬಾಕ್ಸಿನ ಗುಂಡಿ ಒತ್ತುತ್ತಾರೆ. ದೀಪ ಹೊತ್ತಿಕೊಳ್ಳುತ್ತದೆ. ಅಜ್ಜಿಯ ಫೋನಿನಲ್ಲಿ ವಿಡಿಯೋ ತೆರೆದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಓಡುತ್ತಿದೆ! ಮುಗಿದುಹೋಗಿದೆ ಎಂದ ನೆಟ್ಟು ಹೀಗೆ ಕುದುರೆಯ ಹಾಗೆ ಓಡುವುದು ಹೇಗೆ?

ಉತ್ತರದ ಅರ್ಧ ಮೂರನೇ ಮಹಡಿಯಲ್ಲಿ ಸಿಗುತ್ತದೆ. ಒಂಬತ್ತನೇ ಮನೆಯ ಯಜಮಾನರು ಫೋನನ್ನು ವೈರಕ್ಕನ ಮೂಗಿಗೇ ಹಿಡಿಯುತ್ತಾರೆ. “ನೋಡಮ್ಮ, ನಿಮ್ಮ ಆ್ಯಪೇ ಹೇಳ್ತಿದೆ, ಬಳಸಿದ್ದು ಇಪ್ಪತ್ತೆರಡೇ ಜಿಬಿ ಅಂತ. ಆದ್ರೂ ತಿಂಗಳ ಮಧ್ಯ ಬರೋದ್ರೊಳಗೆ ಬರೀ ಚಕ್ರ ತಿರುಗುತ್ತೆ! ನಾಲ್ಕು ಜನ, ನಾಲ್ಕು ಸ್ಕ್ರೀನು, ಎಂಟು ಕಣ್ಣೂ ಚಕ್ರ ನೋಡ್ಕೊಂಡು ಕೂತಿವೆ. ಇದು ಮೋಸ ಅಲ್ದೆ ಇನ್ನೇನು?”

ನಾಲ್ಕು ಸ್ಕ್ರೀನಿಗೆ ಇಪ್ಪತ್ತೆರಡು. ಒಬ್ಬ ಅಜ್ಜಿಗೆ ಐನೂರು. ಇಳಿಯುತ್ತಿದ್ದ ವೈರಕ್ಕ ಅರ್ಧ ದಾರಿಯಲ್ಲೇ ನಿಂತುಬಿಡುತ್ತಾರೆ. ಮರುಗಳಿಗೆ ಎರಡೆರಡು ಮೆಟ್ಟಿಲು ಹಾರಿಕೊಂಡು ಕೆಳಗೆ!

ಮೆಟ್ಟಿಲ ಅಡಿಯಲ್ಲಿ ಕಬ್ಬಿಣದ ಪೆಟ್ಟಿಗೆ. ಅದರೊಳಗೆ ಇಪ್ಪತ್ನಾಲ್ಕು ತೂತು, ಇಪ್ಪತ್ನಾಲ್ಕು ವೈರು. ಯಾವ ತೂತಿನಿಂದ ಎಷ್ಟು ಹೋಯಿತು ಎನ್ನುವುದನ್ನು ಆಫೀಸಿನ ಕಂಪ್ಯೂಟರು ಲೆಕ್ಕ ಇಡುತ್ತದೆ.

“ಅಜ್ಜೀ, ಬಾಕ್ಸಿನ ದೀಪ ನೋಡ್ತಿರಿ!” ಎಂದು ಕೂಗಿ ವೈರಕ್ಕ ಆರನೇ ತೂತಿನ ವೈರನ್ನು ಕೀಳುತ್ತಾರೆ.

“ಉರೀತಾನೇ ಇದೆಯಮ್ಮ! ಚೆನ್ನಾಗೇ ಉರೀತಿದೆ!”

ಅದೇ ಕ್ಷಣ ಮೂರನೇ ಮಹಡಿಯಿಂದ, “ಯಾರ್ರೀ ಅದು? ಇದ್ದ ಚಕ್ರಾನೂ ಹೋಯ್ತಲ್ರೀ!”

ವೈರಕ್ಕ ಟಾರ್ಚ್ ಹಾಕಿ ಕೈಯಲ್ಲಿರುವ ವೈರಿನ ಚೀಟಿ ನೋಡುತ್ತಾರೆ. ತಮ್ಮದೇ ಅಕ್ಷರ. ಬರೆದದ್ದು ೯. ಆದರೆ ಬಾಲ ಎತ್ತಲೋ ತಿರುಗಿ, ಮಸಿ ಹರಡಿ, ಅಪ್ಪಟ ೬ ಆಗಿ ಕೂತಿದೆ! ಮೂರು ವರ್ಷದ ಹಿಂದೆ, ಇದೇ ಕತ್ತಲ ಮೂಲೆಯಲ್ಲಿ ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು, ಒಂಬತ್ತನ್ನು ಆರೆಂದು, ಆರನ್ನು ಒಂಬತ್ತೆಂದು ಸಿಕ್ಕಿಸಿದ್ದಾರೆ. ಮಿತಿಯೇ ಇಲ್ಲದಿದ್ದಾಗ ಅದಲುಬದಲಾದರೂ ಯಾರಿಗೂ ಏನೂ ಆಗಲಿಲ್ಲ. ಮಿತಿ ಬಂದದ್ದೇ ತಡ, ನಾಲ್ಕು ಸ್ಕ್ರೀನು ಕುಡಿದದ್ದೆಲ್ಲ ಅಜ್ಜಿಯ ಹೆಸರಿಗೆ ಬಿತ್ತು. ನೆಟ್ಟು ತೆವಳಿದ್ದು ಮೇಲಿನವರದ್ದು, ಮೆಸೇಜು ಬಂದದ್ದು ಕೆಳಗಿನವರಿಗೆ!

ತಂಗಿಗೆ ಫೋನು ಮಾಡಿದರೆ ಅವಳದು ಒಂದೇ ಮಾತು. “ಎರಡು ವೈರ್ ತಾನೇ? ಅದಲುಬದಲು ಮಾಡಿ ಸುಮ್ನೆ ಬಂದ್ಬಿಡು. ಯಾರಿಗೂ ಗೊತ್ತಾಗಲ್ಲ. ನಿನ್ನ ಕೈಯಾರೆ ಆಗಿದ್ದು ಅಂತ ಗೊತ್ತಾದ್ರೆ ಇಪ್ಪತ್ನಾಲ್ಕು ಮನೆನೂ ಇವತ್ತೇ ಖಾಲಿ!”

“ನಾಲ್ಕು ತಿಂಗಳು ಅಜ್ಜಿ ಬಾಕ್ಸಿಗೆ ಟೋಪಿ ಹಾಕಿ ಕೂತಿದ್ರು ಕಣೇ. ಏಳು ಜನ ಬಿಟ್ಟು ಹೋದ್ರು. ಅದೂ ವೈರ್ ಜೊತೆ ಬದಲಾಗುತ್ತಾ?”

ಈ ತಿಂಗಳ ಲೆಕ್ಕವನ್ನೂ ಕಂಪ್ಯೂಟರಿನಲ್ಲಿ ಅದಲುಬದಲು ಮಾಡಲು ತಂಗಿಗೆ ಹೇಳಿ, ವೈರುಗಳನ್ನು ಸರಿಯಾದ ತೂತಿಗೆ ಹಾಕಿ, ಮೊದಲು ಮೇಲಿನ ಮನೆಗೆ ಹೋಗುತ್ತಾರೆ. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾರೆ. ಯಜಮಾನರು ಕೈಯಲ್ಲಿದ್ದ ಫೋನನ್ನು ಕೆಳಗಿಳಿಸುತ್ತಾರೆ.

“ಅಂದ್ರೆ... ಆ ಐನೂರು ಕುಡಿದಿದ್ದು ನಾವಾ?”

“ಹೂಂ ಸರ್. ಹನ್ನೊಂದು ದಿನಕ್ಕೆ.”

“ನಾವೇ ಜಾಸ್ತಿ ನೋಡ್ತೀವಿ ಅಂತ ನಾನು ಆಗ್ಲೇ ಹೇಳಿದ್ನಲ್ಲ!” ಎಂದು ಒಳಗಿನಿಂದ ಅವರ ಹೆಂಡತಿ ಬಿದ್ದು ಬಿದ್ದು ನಗುತ್ತಾರೆ. ಆಗ ವೈರಕ್ಕ ಹೇಳುವ ಮಾತು ಕೇಳಿದ್ದರೆ ತಂಗಿ ಆಫೀಸಿನಲ್ಲೇ ತಲೆ ಸುತ್ತಿ ಬೀಳುತ್ತಿದ್ದಳು. “ನಿಮಗೆ ನಮ್ಮ ಮಿತಿ ಸಾಲಲ್ಲ ಸರ್. ಮಿತಿ ಇಲ್ಲದ ಕಂಪನಿ ನೋಡ್ಕೊಳ್ಳಿ. ನಿಮ್ಮಂಥವರಿಗೆ ಅದೇ ಸರಿ.”

ಆಮೇಲೆ ಕೆಳಗಿಳಿದು ಅಜ್ಜಿಯ ಮನೆಗೆ ಹೋಗಿ ಎಲ್ಲವನ್ನೂ ಹೇಳುತ್ತಾರೆ. “ತಪ್ಪು ಮೆಸೇಜಿನದ್ದಲ್ಲ ಅಜ್ಜಿ. ನಂದು. ನನ್ನ ಅಕ್ಷರ ನನಗೇ ಮೋಸ ಮಾಡ್ತು.”

ಅಜ್ಜಿ ಕೈಯಲ್ಲಿದ್ದ ಹೆಣಿಗೆಯ ಸಾಲು ಮುಗಿಸುತ್ತಾರೆ. ಮುಗಿಯುವವರೆಗೂ ತಲೆ ಎತ್ತುವುದಿಲ್ಲ. ವೈರಕ್ಕನಿಗೆ ಆ ಒಂದು ಸಾಲು ಮೂರು ಮಹಡಿಯಷ್ಟು ಉದ್ದ.

“ನಾನೂ ಪೆದ್ದಿ, ಒಂದ್ಸಲ ಹಾಕಿ ನೋಡ್ಬೇಕಿತ್ತು” ಎನ್ನುತ್ತಾರೆ ಅಜ್ಜಿ ಕೊನೆಗೆ. “ನೀನು ಸುಮ್ನಿದ್ದಿದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ವಲ್ಲೇ. ಸರಿ, ಇನ್ನೂ ಯಾರ‍್ಯಾರ ಮನೇಲಿ ಹಿಂಗಾಗಿದೆಯೋ?”

“ಅದಕ್ಕೇ ಇಪ್ಪತ್ನಾಲ್ಕೂ ಚೀಟಿ ತೆಗೆದು ನೋಡ್ಬೇಕು ಅಂತಿದ್ದೀನಿ. ಎಲ್ರ ಮುಂದೆ.”

ಸಂಜೆಯ ಹೊತ್ತಿಗೆ ಅಜ್ಜಿ, ಕ್ಲಾಸ್ ಬಿಟ್ಟುಹೋದ ಏಳು ಜನರಲ್ಲಿ ಐವರಿಗೆ ಫೋನು ಮಾಡಿಯಾಗಿದೆ. ಮೂವರು ವಾಪಸ್ ಬರುತ್ತೇವೆ ಎಂದಿದ್ದಾರೆ! ಕಂಪನಿ ಬಿಡುವುದೋ ಇರುವುದೋ ಅಜ್ಜಿ ಇನ್ನೂ ಬಾಯಿ ಬಿಟ್ಟಿಲ್ಲ. ವೈರಕ್ಕ ಕೇಳಿಯೂ ಇಲ್ಲ. “ಬಿಲ್ಡಿಂಗ್ ಉಳಿದ್ರೆ ಸಂತೋಷ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಮೊದ್ಲು ಆ ಸ್ವೆಟರುಗಳಿಗೆ ತೋಳು ಬರ್ಲಿ” ಎನ್ನುತ್ತಾ ಏಣಿಯನ್ನು ಭುಜಕ್ಕೇರಿಸುತ್ತಾರೆ.

ಬಾಗಿಲಲ್ಲಿ ಅಜ್ಜಿ ತಡೆಯುತ್ತಾರೆ. “ನಾಳೆ ಹತ್ತಕ್ಕೆ ಆ ಕಂಪನಿಯವನು ಬರ್ತಾನೆ. ಎಲ್ಲಾ ಮನೆಯವರನ್ನೂ ಮೆಟ್ಟಿಲ ಹತ್ರ ಸೇರಿಸ್ತೀನಿ. ಅವನೂ ಹೇಳ್ಲಿ, ನೀನೂ ಹೇಳು. ಬರ್ತೀಯಾ, ಇಲ್ಲಾ ಹೆದ್ರಿ ಮನೇಲಿ ಕೂರ್ತೀಯಾ?”

“ಬರ್ದೇ ಇರ್ತೀನಾ? ಯಾವ ಮನೆಗೆ ಎಷ್ಟು ಬೇಕು ಅಂತ ಅವನಿಗೇನು ಗೊತ್ತು, ನಂಗೊತ್ತು. ಉಳಿಯೋರಿಗೂ ಹೇಳ್ತೀನಿ, ಹೋಗೋರಿಗೂ ಹೇಳ್ತೀನಿ. ಹೋಗೋರ ವೈರ್ ಮಾತ್ರ ಅವನ ಕೈಲಿ ಕೀಳಿಸ್ಬೇಡಿ. ನಾನೇ ಬಿಚ್ತೀನಿ, ನೀಟಾಗಿ.”

“ಹತ್ತು ಅಂದ್ರೆ ಹತ್ತು.”

“ಒಂಬತ್ತೂವರೆಗೇ ಬಂದು ಪೆಟ್ಟಿಗೆ ತೆಗೆದಿರ್ತೀನಿ ಅಜ್ಜಿ.”