ಗಿರಿಜಕ್ಕ ಬೈಯಲಿಲ್ಲ

'ಮೇಡಂ, ಫಾರಿನರ್ಸ್‌ಗೆ ಬೇರೆ ಫಾರ್ಮ್ ಇದೆ. ಸ್ವಲ್ಪ ಕೂತ್ಕೊಳ್ಳಿ.'

ಕೊಪ್ಪದ ಲಾಡ್ಜಿನ ಕೌಂಟರಿನಲ್ಲಿದ್ದವರು ಹೀಗೆಂದಾಗ ನಾನು ಹಿಂದೆ ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಅವರು ಹೇಳಿದ್ದು ನನಗೇ. ನನ್ನ ನ್ಯೂಜಿಲೆಂಡ್ ಪಾಸ್‌ಪೋರ್ಟ್ ಅವರ ಕೈಯಲ್ಲಿತ್ತು.

'ಅಲ್ಲ ಮಾರಾಯ್ರೇ, ನಾನು ಇಲ್ಲೇ ಸೀತೂರಿನವಳು. ಹುಟ್ಟಿದ್ದು, ಬೆಳೆದದ್ದು ಎಲ್ಲ ಇಲ್ಲೇ. ನಾನೆಂಥ ಫಾರಿನರ್?' ಎಂದೆ. (ದನಿ ಸ್ವಲ್ಪ ಜೋರಾಗಿಯೇ ಇತ್ತು. ನನ್ನ ಸಿಟ್ಟು ಈ ಅಂಕಣ ಓದುವವರಿಗೆ ಹೊಸದಲ್ಲ.)

'ನಿಮ್ಮ ಮಾತು ಕೇಳಿದ್ರೆ ಗೊತ್ತಾಗ್ತದೆ ಮೇಡಂ. ಆದ್ರೆ ರೂಲ್ಸ್ ಅಲ್ವಾ, ನಾವೆಂತ ಮಾಡೋದು?'

ಫಾರ್ಮ್ ತುಂಬತೊಡಗಿದೆ. 'ಭಾರತಕ್ಕೆ ಬಂದ ಉದ್ದೇಶ' ಎಂಬಲ್ಲಿ ಪೆನ್ನು ನಿಂತಿತು. ರಜೆಗೆ ಮೈಸೂರಿನ ಅತ್ತೆಮನೆಗೆ ಬಂದಿದ್ದೆ. ಗಿರಿಜಕ್ಕನ ಗಂಡ ತೀರಿಕೊಂಡರೆಂದು ಫೋನ್ ಬಂತು. ಮರುದಿನವೇ ಬಸ್ಸು ಹತ್ತಿದೆ. ಇದನ್ನೆಲ್ಲ ಅಷ್ಟು ಸಣ್ಣ ಜಾಗದಲ್ಲಿ ಬರೆಯುವುದು ಹೇಗೆ? 'ಟೂರಿಸ್ಟ್' ಎಂದು ಬರೆದು ಸಹಿ ಹಾಕಿದೆ.

ಊರಿಗೆ ಬಂದು ಲಾಡ್ಜ್ ಯಾಕೆ ಅಂತೀರಾ? ನನ್ನ ಅಪ್ಪ ಅಮ್ಮ ಕೂಲಿಗೆ ಹೋಗುತ್ತಿದ್ದವರು. ಇದ್ದದ್ದು ತೋಟದ ಮಾಲೀಕರು ಕೊಟ್ಟ ಮನೆ. ಅವರಿಬ್ಬರೂ ಹೋದ ಮೇಲೆ ಅದೂ ಇಲ್ಲ. (ಇನ್ನೊಂದು ಕಾರಣವೂ ಇದೆ, ಹೇಳಿಬಿಡುತ್ತೇನೆ. ನನಗೀಗ ಕಮೋಡ್ ಇಲ್ಲದೆ ಆಗುವುದಿಲ್ಲ.)

ಗಿರಿಜಕ್ಕ ನಮ್ಮ ಪಕ್ಕದ ಮನೆಯವಳು. ಅಮ್ಮನ ಜೊತೆ ನಾಟಿಗೆ, ಕಳೆ ಕೀಳುವುದಕ್ಕೆ ಹೋಗುತ್ತಿದ್ದಳು. ನನ್ನನ್ನು ಅಮ್ಮನಿಗಿಂತ ಹೆಚ್ಚು ಬೈದವಳು ಅವಳೇ. ಉಣ್ಣದಿದ್ದರೆ ಬೈಗುಳ, ತಲೆ ಬಾಚದಿದ್ದರೆ ಬೈಗುಳ. ನರ್ಸಿಂಗ್ ಓದಲು ಹೊರಟ ದಿನ ಬಸ್ಸಿನ ಕಿಟಕಿಯವರೆಗೂ ಬಂದು, ಸ್ವೆಟರ್ ಬಿಟ್ಟು ಬಂದೆ ಅಂತ ಎಲ್ಲರೆದುರು ಬೈದಿದ್ದಳು. ಈಗ ಅವಳ ಪಕ್ಕದಲ್ಲಿ ನೆಲದ ಮೇಲೆ ಸ್ವಲ್ಪ ಹೊತ್ತು ಕೂರಬೇಕು, ಮನೆಯ ಮಗಳ ಹಾಗೆ. ನನಗೆ ಬೇಕಾಗಿದ್ದದ್ದು ಅಷ್ಟೇ.

ಸೀತೂರಿಗೆ ಹೋದಾಗ ಅವಳ ಮನೆಯ ಜಗಲಿಯಲ್ಲಿ ನಾಲ್ಕಾರು ಹೆಂಗಸರಿದ್ದರು. ಗಿರಿಜಕ್ಕ ಗೋಡೆಗೆ ಒರಗಿ ಕೂತಿದ್ದಳು. ನನ್ನನ್ನು ನೋಡಿದ್ದೇ ಸೊಸೆಗೆ ಹೇಳಿದಳು, 'ಕುರ್ಚಿ ತಂದು ಹಾಕೇ. ಅವರಿಗೆ ನೆಲದ ಮೇಲೆ ಕೂತು ರೂಢಿ ತಪ್ಪಿರ್ತದೆ.'

'ಬೇಡ ಗಿರಿಜಕ್ಕ' ಎಂದು ಕೆಳಗೇ ಕೂತೆ. ಹತ್ತು ನಿಮಿಷಕ್ಕೆ ಮಂಡಿ ಹಿಡಿದುಕೊಂಡಿತು. ಸೊಸೆ ಸದ್ದಿಲ್ಲದೆ ಕುರ್ಚಿ ತಂದಿಟ್ಟಳು. ನಾನು ಹತ್ತಿ ಕೂತೆ. ಗಿರಿಜಕ್ಕನ ತಲೆ ಈಗ ನನ್ನ ಮೊಣಕಾಲಿನ ಮಟ್ಟದಲ್ಲಿತ್ತು. ನಾಚಿಕೆಯಾಯಿತು.

ಅವಳೇ ಮಾತಾಡಿದಳು. 'ಬೆಳಿಗ್ಗೆ ಗಂಜಿ ಕುಡಿದ್ರು, ಬಿಸಿಲಿಗೆ ಕೂತ್ಕೊಳ್ತೀನಿ ಅಂದ್ರು. ಕೂತವರು ಏಳಲೇ ಇಲ್ಲ.' ನಾನು ಅವಳ ಕೈ ಹಿಡಿದುಕೊಂಡೆ. ಬಿಡಿಸಿಕೊಳ್ಳಲಿಲ್ಲ. ಅಷ್ಟರಲ್ಲಿ ಬಸ್ಸಿನ ಹೊತ್ತಾಯಿತು. ಎದ್ದೆ. ಅವಳ ಭುಜ ತಟ್ಟಿ ಸ್ಪಷ್ಟವಾಗಿ ಹೇಳಿದೆ, 'ಬರ್ತೀನಿ ಗಿರಿಜಕ್ಕ. ಮತ್ತೆ ಬರ್ತೀನಿ.'

ಜಗಲಿಯಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಸಾವಿನ ಮನೆಯಿಂದ ಹೊರಡುವಾಗ ನಮ್ಮ ಕಡೆ ಯಾರೂ 'ಬರ್ತೀನಿ' ಅನ್ನುವುದಿಲ್ಲ. ಇಂಥದ್ದಕ್ಕೇ ಮತ್ತೊಮ್ಮೆ ಬರುವಂತಾಗಲಿ ಅಂದ ಹಾಗಾಗುತ್ತದೆ. ಸುಮ್ಮನೆ ಎದ್ದು, ತಿರುಗಿ ನೋಡದೆ ನಡೆಯಬೇಕು. ನನಗೆ ಇದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು! ಚಿಕ್ಕವಳಿದ್ದಾಗ ಒಂದು ಸಾವಿನ ಮನೆಯಲ್ಲಿ ಹೀಗೇ ಬಾಯಿಬಿಡಲು ಹೋಗಿದ್ದೆ. ತೊಡೆ ಕೆಂಪಾಗುವಂತೆ ಚಿವುಟಿ ಕಲಿಸಿದವಳು ಇದೇ ಗಿರಿಜಕ್ಕ.

ಆದರೆ ನಾನೀಗ ಕೆಲಸ ಮಾಡುವುದು ನ್ಯೂಜಿಲೆಂಡಿನಲ್ಲಿ, ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಹೋಂನಲ್ಲಿ. ಅಲ್ಲಿ ಯಾರಾದರೂ ತೀರಿಕೊಂಡರೆ ಮನೆಯವರ ಭುಜ ತಟ್ಟಿ 'ಮತ್ತೆ ಬರ್ತೀನಿ' ಅನ್ನುತ್ತೇನೆ. ಅವರಿಗೆ ಅದರಿಂದ ಸಮಾಧಾನ. ಎಷ್ಟೋ ವರ್ಷದ ಡ್ಯೂಟಿ ನಾಲಿಗೆಗೆ ಅಂಟಿಕೊಂಡಿದೆ.

'ಅಯ್ಯೋ, ಹಂಗೆ ಹೇಳ್ತಾರಾ?' ಮೂಲೆಯಲ್ಲಿದ್ದ ಹೆಂಗಸೊಬ್ಬಳು ಗೊಣಗಿದಳು.

ಗಿರಿಜಕ್ಕ ಬೈಯುತ್ತಾಳೆ ಅಂದುಕೊಂಡೆ. ನಿಜ ಹೇಳಬೇಕೆಂದರೆ, ಬೈಯಲಿ ಎಂದು ಕಾದೆ. ಗಂಡ ಸತ್ತ ಮನೆಯಲ್ಲಿ ಎಂಥ ಮಾತಾಡ್ತೀಯೇ, ನಿನ್ನ ಬುದ್ಧಿಗಿಷ್ಟು ಅನ್ನಲಿ ಎಂದು.

ಅವಳು ಆ ಹೆಂಗಸಿನ ಕಡೆ ತಿರುಗಿದಳು. 'ಸುಮ್ನಿರೇ ಮಾರಾಯ್ತಿ. ಫಾರಿನ್‌ನಲ್ಲಿ ಇರೋರು, ಪಾಪ. ಅವರಿಗೆ ನಮ್ಮ ಕಡೆದೆಲ್ಲ ಎಂತ ಗೊತ್ತಾಗ್ತದೆ?'

ಆ ದನಿಯಲ್ಲಿ ಸಿಟ್ಟಿರಲಿಲ್ಲ, ವ್ಯಂಗ್ಯವೂ ಇರಲಿಲ್ಲ. ಮನೆಗೆ ಬಂದ ಪರವೂರಿನವರ ಮಾನ ಕಾಯುವ ಒಳ್ಳೆಯತನವಷ್ಟೇ ಇತ್ತು. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ನಾನು ಹೇಳಬಹುದಿತ್ತು. 'ನನಗೆ ಗೊತ್ತಿತ್ತು ಗಿರಿಜಕ್ಕ, ನೀನೇ ಕಲಿಸಿದ್ದು, ಮರೆತುಬಿಟ್ಟೆ, ತಪ್ಪಾಯ್ತು' ಅನ್ನಬಹುದಿತ್ತು. ಒಂದೇ ಉಸಿರಿನ ಮಾತು. ಹೇಳಲಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಏನೂ ತಿಳಿಯದವಳ ಹಾಗೆ ನಕ್ಕು, ಚಪ್ಪಲಿ ಮೆಟ್ಟಿ ಅಂಗಳಕ್ಕಿಳಿದೆ.

ಕಲಿಸಿದ್ದನ್ನು ಮರೆತವಳು ಅನ್ನಿಸಿಕೊಳ್ಳುವುದಕ್ಕಿಂತ ಏನೂ ಗೊತ್ತಿಲ್ಲದ ಫಾರಿನ್‌ನವಳು ಅನ್ನಿಸಿಕೊಳ್ಳುವುದೇ ನನಗೆ ಸುಲಭವಾಯಿತಲ್ಲ, ಹಾಗಾದರೆ ನನ್ನನ್ನು ಹೊರಗಿನವಳು ಮಾಡಿದ್ದು ಯಾರು?